ನೆರಳು ಕಡಿಮೆ ಹೇಳುತ್ತದೆ

ಇದು ಹನ್ನೊಂದನೆಯ ದಿನ, ಬರ್ನ್ ಊರಿಗೆ ನೆರಳಿಲ್ಲ.
ಆರೆ ನದಿಯಿಂದ ಎದ್ದ ಕಾವಳ
ಸೇತುವೆ, ಗೋಪುರ, ಟ್ರಾಮಿನ ತಂತಿ ಎಲ್ಲವನ್ನೂ
ಒಂದೇ ಬಣ್ಣದ ಕಂಬಳಿಯಲ್ಲಿ ಸುತ್ತಿಟ್ಟಿದೆ.
ನಿನ್ನೆ ಈರುಳ್ಳಿ ಸಂತೆ. ಕತ್ತಲಲ್ಲೇ ಕೊಂಡ ಜಡೆಯೊಂದು
ಉರ್ಸಿನಾ ಕಾಫ್ಲಿಷಳ ಮೇಜಿನ ಮೇಲೆ
ಸಿಪ್ಪೆ ಉದುರಿಸುತ್ತಿದೆ, ಕೀಲಿಮಣೆಯ ಸಂದಿಗೆ.

ಇವತ್ತು ಮಂಗಳವಾರ.
ಬೆಟ್ಟದೂರಿನ ಅವಳ ತಾಯ್ನುಡಿಯಲ್ಲೂ
ಈ ವಾರಕ್ಕೆ ಆ ಕೆಂಪು ಗ್ರಹದ್ದೇ ಹೆಸರು.

ಪರದೆಯ ಮೇಲೆ ಒಂದು ಕುಳಿ.
ಮುಂಜಾನೆಯ ಓರೆ ಬಿಸಿಲಿಗೆ ಮೂಡಣ ದಂಡೆ
ತನ್ನ ನೆರಳನ್ನು ಒಳಗೇ ಚೆಲ್ಲಿಕೊಂಡಿದೆ.
ನಾಲ್ಕೂವರೆ ಮೀಟರಿಗೊಂದು ಚುಕ್ಕಿ;
ನಾನೂರು ಕಿಲೋಮೀಟರ್ ಮೇಲೆ ಸುತ್ತುವ ಕಣ್ಣು
ತಂದು ಒಪ್ಪಿಸಿದ್ದು ಇಷ್ಟೇ.

ನೆರಳು ಕಪ್ಪು ಎಂದವರು ನೆರಳನ್ನು ನೋಡಿಲ್ಲ,
ಅನ್ನುತ್ತಾಳೆ ಹೊಸ ಹುಡುಗ ಲೋರಿನ್‌ಗೆ.
ಗಾಳಿಯೇ ಇಲ್ಲದ ಕಡೆ ನೆರಳೆಂದರೆ ಬಾವಿ.
ಗಾಳಿಯಲ್ಲಿ ಧೂಳಿತ್ತೋ, ಅದು
ಸೂರ್ಯನ ಕೈಯಿಂದ ಒಂದಿಷ್ಟು ಕದ್ದು
ಕಂಡ ಕಡೆಗೆಲ್ಲ ಎರಚುತ್ತದೆ, ನೆರಳಿನ ತಟ್ಟೆಗೂ.
ಬಿಸಿಲು ಬಡವಾದಷ್ಟೂ ನೆರಳು ಚೂರು ಉಳ್ಳದ್ದಾಗುತ್ತದೆ.
ಎರಡರ ನಡುವೆ ಎಷ್ಟು ಅಂತರ ಉಳಿಯಿತೋ
ಅದೇ ನಮ್ಮ ಅಳತೆಗೋಲು.

ಗೆರೆಯ ಆಚೆ ಒಂದು ಚೌಕ, ಈಚೆ ಒಂದು ಚೌಕ.
ಮಣ್ಣು ಮಾತ್ರ ಒಂದೇ ಇರಬೇಕು, ಹುಷಾರು.
ಅತ್ತ ಬಂಡೆ ಇತ್ತ ಮರಳು ಆಯಿತೋ
ನೀನು ಅಳೆದದ್ದು ಆಕಾಶವಲ್ಲ, ನೆಲದ ಜಗಳ.
ಅಂಚಿನ ಚುಕ್ಕಿಗಳನ್ನು ಬಿಟ್ಟುಬಿಡು,
ಅವು ಎರಡೂ ಮನೆಯಲ್ಲಿ ಉಣ್ಣುತ್ತವೆ.

ಮಧ್ಯಾಹ್ನದ ಹೊತ್ತಿಗೆ ಅಂಕಿ ಬಂತು: ಸೊನ್ನೆ ಬಿಂದು ಎಂಟು.
ಅದೇ ಬಯಲಿನಲ್ಲಿ ನಿಂತ ಯಂತ್ರ
ಸೂರ್ಯನನ್ನೇ ದಿಟ್ಟಿಸಿ ಹೇಳಿದ್ದು: ಒಂದು ಬಿಂದು ಒಂದು.
ಲೋರಿನ್ ಮುಖ ಸಣ್ಣದಾಯಿತು.
ಎಲ್ಲಿ ತಪ್ಪಿದೆವು?

ತಪ್ಪಿಲ್ಲ. ನೆರಳು ಯಾವಾಗಲೂ ಕಡಿಮೆಯೇ ಹೇಳುತ್ತದೆ.
ಧೂಳಿಗೆ ತಾಗಿಯೂ ದಾರಿ ಬಿಡದ ಬೆಳಕೊಂದಿದೆ,
ಸೂರ್ಯನ ಮಗ್ಗುಲಲ್ಲೇ ಇಳಿದು ಬಂದು
ನಾನೂ ಸೂರ್ಯನ ಕಡೆಯವನೇ ಎಂದು
ಬಿಸಿಲಿನ ಲೆಕ್ಕಕ್ಕೆ ಬರೆಸಿಕೊಳ್ಳುತ್ತದೆ.
ಹಾಗೆ ಮಬ್ಬು ತನ್ನ ಕಾಲು ಭಾಗವನ್ನು
ಬಿಸಿಲಿನ ಜೇಬಿನಲ್ಲೇ ಅಡಗಿಸಿಡುತ್ತದೆ.
ಹದಿನಾರು ವರ್ಷದಿಂದ ಅವಳು ಅದನ್ನು
ಒಂದು ಗುಣಕ ಹಿಡಿದು ವಾಪಸ್ ಕೇಳುತ್ತಿದ್ದಾಳೆ.
ಕೆಲವು ಕುಳಿಗಳು ಕೊಡುತ್ತವೆ. ಕೆಲವು ಕೊಡುವುದಿಲ್ಲ.
ಕೊಡದವುಗಳ ಪಟ್ಟಿ ಹಳದಿ ಚೀಟಿಯೊಂದರಲ್ಲಿದೆ,
ಚೀಟಿಯ ಮೇಲೆ ಕಾಫಿ ಲೋಟದ ಬಳೆ.

ಆ ದೊಡ್ಡ ಧೂಳು ಎದ್ದ ವರ್ಷ
ಗ್ರಹವೇ ಒರೆಸಿಟ್ಟ ಹಲಗೆ.
ಕುಳಿಯಿಲ್ಲ, ದಂಡೆಯಿಲ್ಲ, ಆಚೆ ಈಚೆ ಎಂಬುದೇ ಇಲ್ಲ.
ಒಂಬತ್ತು ವಾರದ ವರದಿಗೆ ಅವಳು ಬರೆದದ್ದು
ಒಂದೇ ಸಾಲು. ಮೇಲಿನವರು ಇನ್ನೆರಡು ಸಾಲು ಕೇಳಿದರು.
ಅದೇ ಸಾಲನ್ನು ಇನ್ನೆರಡು ಸಲ ಬರೆದಳು.

ಮೂರಕ್ಕೆ ಕೋಟು ಹಾಕಿ ಹೊರಟಳು, ಯಾರಿಗೂ ಹೇಳದೆ.
ಗುರ್ಟನ್ ಗುಡ್ಡಕ್ಕೆ ಹಗ್ಗ ಎಳೆವ ರೈಲು.
ಕಿಟಕಿಯಲ್ಲಿ ಬೂದಿ, ಬೂದಿ, ಬೂದಿ,
ಆಮೇಲೆ ಥಟ್ಟನೆ ಒಂದು ಹಳದಿ ಮರ.
ಹಿಂದಿರುಗಿ ನೋಡಿದರೆ ಊರಿದ್ದ ಜಾಗದಲ್ಲಿ ಹಿಂಜಿದ ಅರಳೆ.

ಹಳೆಯ ಹಿಮದ ತೇಪೆಯ ಮೇಲೆ ಬೇಲಿಗೂಟದ ನೆರಳು.
ಮಂಡಿಯೂರಿದಳು. ಒಂದು ಬೆರಳು ಒಳಗೆ, ಒಂದು ಹೊರಗೆ.
ಕಪ್ಪಲ್ಲ. ನೀಲಿ,
ಇಡೀ ಆಕಾಶ ಬಗ್ಗಿ ಇಣುಕಿದಷ್ಟು ನೀಲಿ.

ಟಿಕೆಟ್ಟು ನೋಡುವ ಹಾಲ್ದಿಮನ್ ಓಡಿ ಬಂದ:
ಏನು ಕಳಕೊಂಡಿರಿ? ಉಂಗುರವೇ?
ಅವಳು ಉತ್ತರ ಜೋಡಿಸುವಷ್ಟರಲ್ಲಿ ಅವನೂ ಮಂಡಿಯೂರಿದ್ದ,
ಕೈಗವಸು ಕಳಚಿ, ಹಿಮ ತಡವುತ್ತ.
ಅವನ ಭಾರಿ ಮೈಯ ನೆರಳು
ಗೂಟದ ನೆರಳ ಮೇಲೆ ಬಿತ್ತು. ಅಂಚು ಹೋಯಿತು.
ಒಂದರ ಮೇಲೊಂದು ಬಿದ್ದರೂ
ಎರಡು ನೆರಳು ಸೇರಿ ಹೆಚ್ಚು ಕಪ್ಪಾಗಲಿಲ್ಲ.

ಸಿಗುತ್ತೆ ಬಿಡಿ, ಎಂದ ಅವನು, ತಲೆಯೆತ್ತದೆ.
ಇನ್ನೂ ಅರ್ಧ ಗಂಟೆ ಬೆಳಕಿದೆ.